ನಮ್ಮ ಟೈಪಿಂಗ್ ಬಾಯಾರು

ಅವರ ಎಡಗೈಯ ಕಿರುಬೆರಳು ಬಾಗುತ್ತಿರಲಿಲ್ಲ. ಉಳಿದ ಒಂಬತ್ತು ಬೆರಳುಗಳು ಟೈಪ್‌ರೈಟರಿನ ಮೇಲೆ ಓಡಾಡುತ್ತಿದ್ದರೆ ಅದೊಂದು ಮಾತ್ರ ಕಡ್ಡಿಯಂತೆ ನೆಟ್ಟಗೆ ನಿಂತಿರುತ್ತಿತ್ತು. ಚಿಕ್ಕಂದಿನಲ್ಲಿ ಇಳಕಲ್ಲಿನ ಮನೆಯ ಮಗ್ಗಕ್ಕೆ ಸಿಕ್ಕ ಬೆರಳು. ಸರಕಾರಿ ಟೈಪಿಂಗ್ ಪರೀಕ್ಷೆಗೆ ಕೂತಾಗ ಪರೀಕ್ಷಕರು ಅದನ್ನು ನೋಡಿ, ಇದು ನಿಮ್ಮಿಂದ ಆಗದ ಕೆಲಸ ಎಂದರಂತೆ. "ನೀವು ಅಕ್ಷರ ಎಣಸ್ರಿ, ಬೆರಳು ಎಣಸಬ್ಯಾಡ್ರಿ" ಎಂದು ಹೇಳಿ, ಪರೀಕ್ಷೆ ಬರೆದು, ಪಾಸಾಗಿ ಬಂದಿದ್ದರು.

ಹುನಗುಂದದಲ್ಲಿ ಕಚೇರಿಗಳಿರುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಎರಡು ಮೇಜು, ಮೂರು ಟೈಪ್‌ರೈಟರು. ಬೆಳಿಗ್ಗೆ ನಮ್ಮಂಥವರಿಗೆ ಟೈಪಿಂಗ್ ಕಲಿಸುತ್ತಿದ್ದರು, ಹನ್ನೊಂದರಿಂದ ಸಂಜೆಯವರೆಗೆ ಜನರ ಅರ್ಜಿ, ಕರಾರುಪತ್ರ, ತಕರಾರು ಬರೆದುಕೊಡುತ್ತಿದ್ದರು. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಬಾಯಾರು ಎನ್ನುವುದು ರೂಢಿ. ಹಾಗಾಗಿ ಊರಿಗೆಲ್ಲ ಅವರು ಟೈಪಿಂಗ್ ಬಾಯಾರು. ಮನೆಮಾತು ಮರಾಠಿ. ಅವರ ದನಿ ದೊಡ್ಡದು, ಅದರ ಬಗ್ಗೆ ಯಾರಾದರೂ ಚುಚ್ಚಿದರೆ ಉತ್ತರ ಸಿದ್ಧವಿರುತ್ತಿತ್ತು: "ಮರಾಠ್ಯಾಗ ಬಾಯಿ ಅಂದ್ರ ಹೆಣ್ಮಗಳು. ಕನ್ನಡದಾಗ ಬಾಯಿ ಅಂದ್ರ ಬಾಯಿ. ನನ್ನ ಹಂತ್ಯಾಕ ಎರಡೂ ಅದಾವ."

ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಪದವಿ ಮುಗಿಸಿ ಊರಿಗೆ ಬಂದು ಕೂತಿದ್ದೆ. ಗುಡೂರಿನಿಂದ ದಿನಾ ಬಸ್ಸು ಹತ್ತಿ ಅವರಲ್ಲಿಗೆ ಹೋಗತೊಡಗಿದೆ. ಮೊದಲ ವಾರವೇ ಒಂದು ಎಡವಟ್ಟು ಮಾಡಿಕೊಂಡೆ. ಶೆಡ್ಡಿಗೆ ಬಂದ ಹುಡುಗಿಯೊಬ್ಬಳು ಅವರನ್ನು "ಆಯಿ" ಎಂದು ಕರೆದಳು. ನಮ್ಮಲ್ಲಿ ಆಯಿ ಎಂದರೆ ಅಜ್ಜಿ. "ಮೊಮ್ಮಗಳು ಏನು ಓದಾಕತ್ಯಾಳ್ರಿ?" ಎಂದು ಕೇಳಿದೆ. ಬಾಯಾರು ಟೈಪು ನಿಲ್ಲಿಸಿ ನನ್ನನ್ನು ದಿಟ್ಟಿಸಿದರು. "ನನಗ ಇನ್ನೂ ನಲವತ್ತ ತುಂಬಿಲ್ಲ. ಅಕಿ ನನ್ನ ಮಗಳು. ಮರಾಠ್ಯಾಗ ಆಯಿ ಅಂದ್ರ ಅವ್ವ." ಆಮೇಲೆ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತ ಒಬ್ಬರೇ ನಗುತ್ತಿದ್ದರು.

ಇಂಥ ಶಬ್ದಗಳೆಂದರೆ ಅವರಿಗೆ ಜೀವ. ಅವರ ಅಪ್ಪ ಹೇಳಿದ ಒಂದು ಪ್ರಸಂಗವನ್ನು ನಮಗೆಲ್ಲ ಹೇಳಿದ್ದರು. ಸೊಲ್ಲಾಪುರದಿಂದ ನೂಲು ತಂದ ಲಾರಿಯವನು ಇಳಕಲ್ಲಿನ ಹಮಾಲರಿಗೆ ಗಂಟುಗಳನ್ನು "ಖಾಲಿ ಠೇವಾ" ಎಂದನಂತೆ. ಕೆಳಗಿಡಿ ಎಂದು ಅವನ ಮರಾಠಿ ಹೇಳುತ್ತಿತ್ತು. ಹಮಾಲರಿಗೆ ಕೇಳಿಸಿದ್ದು ನಮ್ಮ ಖಾಲಿ. ಅವರು ಗಂಟು ಬಿಚ್ಚಿ ಖಾಲಿ ಮಾಡಿ, ರೇಷ್ಮೆಯ ಲಡಿಗಳನ್ನೆಲ್ಲ ಕೆಸರಿಗೆ ಸುರಿದರು. "ನಮ್ಮ ಖಾಲಿ ಅರಬ್ಬಿಯಿಂದ ಬಂದದ್ದು, ಅವಂದು ಮರಾಠಿದು. ಒಂದಕ್ಕೊಂದು ಬಳಗ ಅಲ್ಲ, ಮಾರಿ ಅಷ್ಟ ಒಂದ ನಮೂನಿ" ಎನ್ನುತ್ತಿದ್ದರು. ಆ ದಿನ ಬೈಸಿಕೊಂಡವರು ಹಮಾಲರು ಎಂಬುದನ್ನು ಹೇಳುವಾಗ ಮಾತ್ರ ಅವರಿಗೆ ನಗು ಬರುತ್ತಿರಲಿಲ್ಲ.

ಕಲಿಯುತ್ತ ಕಲಿಯುತ್ತ ನಾನು ಅವರ ಎರಡನೇ ಮೇಜಿನಲ್ಲಿ ಸಣ್ಣಪುಟ್ಟ ಕಾಗದಗಳನ್ನು ಟೈಪು ಮಾಡತೊಡಗಿದೆ. ಒಂದು ಮಧ್ಯಾಹ್ನ ಬಾಯಾರು ಊಟಕ್ಕೆ ಹೋಗಿದ್ದಾಗ ಹತ್ತಿರದ ಖಾಸಗಿ ವಸತಿ ಶಾಲೆಯೊಂದರ ಗುಮಾಸ್ತ ಬಂದ. ಎರಡು ಸಾಲಿನ ಕಾಗದ ಬೇಕೆಂದ. ಅವನು ಹೇಳಿದಂತೆ ಬಡಿದುಕೊಟ್ಟೆ: "ನಾನು ಸ್ವಇಚ್ಛೆಯಿಂದ ಅಡುಗೆ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ. ದಯವಿಟ್ಟು ಅಂಗೀಕರಿಸಬೇಕು." ಯಾರದು, ಏಕೆ ಎಂದು ಕೇಳಲಿಲ್ಲ. ಆ ಶಾಲೆಯ ಕಾರ್ಯದರ್ಶಿಗಳು ಜೂನ್ ತಿಂಗಳಿಂದ ನನ್ನನ್ನು ಕಚೇರಿ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಅಪ್ಪನಿಗೆ ಮಾತು ಕೊಟ್ಟಿದ್ದರು. ಅವರ ಗುಮಾಸ್ತನಿಗೆ ಬೇಗ ಮಾಡಿಕೊಡಬೇಕೆಂಬ ಉತ್ಸಾಹ ನನ್ನದು.

ನಾಲ್ಕು ದಿನದ ಮೇಲೆ ಒಬ್ಬ ಹೆಂಗಸು ಅಳುತ್ತ ಬಂದಳು. ಆ ಶಾಲೆಯಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿದವಳು. ಹುಳ ಹತ್ತಿದ ಬೇಳೆಯನ್ನು ಮಕ್ಕಳಿಗೆ ಬೇಯಿಸಿ ಹಾಕುವುದಿಲ್ಲವೆಂದು ಹಟ ಹಿಡಿದಿದ್ದಳು, ಕಾರ್ಯದರ್ಶಿಯೊಂದಿಗೆ ಮಾತಿಗೆ ಮಾತು ಬೆಳೆದಿತ್ತು. ಮರುದಿನ ಗುಮಾಸ್ತ ಬಂದು, "ರಾಜೀನಾಮೆ ಬರಸೀವಿ, ಸಹಿ ಮಾಡು, ಎಲ್ಲಾ ಮುಗೀತೈತಿ" ಎಂದಿದ್ದ. ಅವಳ ಮನೆಮಾತು ಉರ್ದು, ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ. ಅವಳು ಉರ್ದುವಿನಲ್ಲಿ ಸಹಿ ಮಾಡಿಕೊಟ್ಟು, ಜಗಳ ಮುಗಿಯಿತೆಂದು ಖುಷಿಯಿಂದ ಮರುದಿನ ಕೆಲಸಕ್ಕೆ ಹೋದರೆ ಗೇಟಿನಲ್ಲೇ ತಡೆದಿದ್ದರು.

"ನಮ್ಮ ಅಣ್ಣದೇರು ಮನಿ ಸಲುವಾಗಿ ಬಡದಾಡಿದಾಗ ಹಿರ್‍ಯಾರು ಕೂಡಿ ರಾಜೀನಾಮಾ ಬರಸಿದ್ರು ಬಾಯಾರ. ಇಬ್ರೂ ಸಹಿ ಮಾಡಿ ಒಂದಾದ್ರು. ಇದೂ ಹಂಗ ಅಂತ ತಿಳಕೊಂಡ್ನಿ" ಎಂದಳು.

ಕಾಗದದ ಪ್ರತಿ ಅವಳ ಕೈಯಲ್ಲಿತ್ತು. ಬಾಯಾರು ಅದನ್ನು ನೋಡಿದರು, ನನ್ನ ಕಡೆ ನೋಡಿದರು. ನಮ್ಮ ಎರಡನೇ ಯಂತ್ರದಲ್ಲಿ 'ರ' ಅಕ್ಷರ ಸ್ವಲ್ಪ ಮೇಲಕ್ಕೆ ಬೀಳುತ್ತಿತ್ತು. ಕೇಳುವ ಅಗತ್ಯವೇ ಇರಲಿಲ್ಲ.

ಅವಳು ಹೋದ ಮೇಲೆ ನನಗೆ ಬಯ್ಯಲಿಲ್ಲ. ರಾಜಿ ಅರಬ್ಬಿ, ನಾಮಾ ಫಾರಸಿ, ಕೂಡಿದರೆ ಒಪ್ಪಿಗೆಯ ಪತ್ರ ಎಂದು ಬಿಡಿಸಿ ಹೇಳಿದರು. ಉರ್ದುವಿನವರು ಆ ಅರ್ಥವನ್ನು ಉಳಿಸಿಕೊಂಡಿದ್ದಾರೆ. ಮುಂಬೈ ಸರಕಾರದ ಕಾಲದಲ್ಲಿ ಹೊಲ ಬಿಟ್ಟುಕೊಡುವ ರೈತ ಬರೆದುಕೊಡುತ್ತಿದ್ದ ಕಾಗದಕ್ಕೂ ರಾಜೀನಾಮಾ ಎನ್ನುತ್ತಿದ್ದರು, ಹೊಲ ಬಿಡುವುದೇ ಮುಂದೆ ಕೆಲಸ ಬಿಡುವುದಾಗಿರಬೇಕು ಎಂಬುದು ಅವರ ಊಹೆ. ಇಷ್ಟು ಹೇಳಿ, "ತಪ್ಪು ನಮ್ಮ ಮೇಜಿನ ಮ್ಯಾಲಿಂದ ಹೋಗೇತಿ. ನಾವ ಹೋಗಿ ಹೇಳಬೇಕು" ಎಂದರು.

"ನನ್ನ ಕೆಲಸ ಹೊಕ್ಕೈತ್ರಿ ಬಾಯಾರ."

"ಅಕೀದು ಹೋಗೇತಲ್ಲ."

ಎರಡು ದಿನ ನಾನು ಹುನಗುಂದಕ್ಕೆ ಹೋಗಲಿಲ್ಲ. ಮೂರನೆಯ ದಿನ ಅವರೇ ಗುಡೂರಿಗೆ ಬಂದರು. ಅಪ್ಪ ಅವರಿಗೆ ಕಾರ್ಯದರ್ಶಿ ಎಷ್ಟು ದೊಡ್ಡ ಮನುಷ್ಯ ಎಂಬುದನ್ನೆಲ್ಲ ವಿವರಿಸಿದ. ಬಾಯಾರು ಪೂರ್ತಿ ಕೇಳಿಸಿಕೊಂಡು, "ಯಜಮಾನ್ರ, ಮಗಳಿಗೆ ಬರಿಯೂದು ಕಲಿಸಾಕ ನನ್ನ ಕಡೆ ಕಳಿಸಿದ್ರಿ. ಬರದದ್ದಕ್ಕ ನಿಂದ್ರೂದನ್ನೂ ಕಲಿಸಬೇಕಲ್ರಿ" ಎಂದರು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ದೂರು ಕೊಟ್ಟಿದ್ದು ಬಾಗಲಕೋಟೆಯಲ್ಲಿ, ಕಾರ್ಮಿಕ ಅಧಿಕಾರಿಯ ಮುಂದೆ. ವಿಚಾರಣೆಯ ದಿನ ನಾವು ಮೂವರು ಹೆಂಗಸರು ಒಂದು ಬೆಂಚಿನಲ್ಲಿ, ಎದುರಿಗೆ ಕಾರ್ಯದರ್ಶಿ ಮತ್ತು ಗುಮಾಸ್ತ. ಅಧಿಕಾರಿ ಮೈಸೂರು ಕಡೆಯವರು, ಬಂದು ತಿಂಗಳಾಗಿತ್ತಷ್ಟೆ. ಕಾಗದ ಯಾರು ಟೈಪು ಮಾಡಿದ್ದು ಎಂದು ಕೇಳಿದರು. ನಾನು ಎದ್ದು ನಿಂತೆ. ಓದಿ ಎಂದರು. ಓದಿದೆ. ಯಾರು ಬರೆಸಿದರು ಎಂದರು. ಕಾರ್ಯದರ್ಶಿ ನನ್ನನ್ನೇ ನೋಡುತ್ತಿದ್ದರು. ಪಕ್ಕಕ್ಕೆ ತಿರುಗಿ, "ಬಾಯಾರ…" ಎಂದಷ್ಟೇ ಅಂದೆ.

"ಪಾಪ, ಬಾಯಾರಿಕೆ ಆಗಿದೆ. ನೀರು ಕೊಡಪ್ಪ" ಎಂದು ಅಧಿಕಾರಿ ಜವಾನನಿಗೆ ಹೇಳಿದರು.

ಜವಾನ ನಮ್ಮ ಕಡೆಯವನು. ಗ್ಲಾಸು ಹಿಡಿದು ನಗು ತಡೆಯುತ್ತ ನಿಂತ. "ಸಾಹೇಬ್ರ, ಆಕಿ ನೀರು ಕೇಳಿಲ್ರಿ. ಅವರನ್ನ ಕರದ್ಲು. ನಮ್ಮ ಕಡೆ ಕಲಿಸೋ ಹೆಣ್ಮಕ್ಕಳಿಗೆ ಬಾಯಾರು ಅಂತಾರ್ರಿ. ನೀರು ಬೇಕಾದ್ರ ನೀರಡಿಕಿ ಅಂತೀವಿ."

ಅಧಿಕಾರಿಯೂ ನಕ್ಕರು. ಬಾಯಾರು ಮಾತ್ರ ನಗದೆ ಎದ್ದು ನಿಂತರು.

"ಸಾಹೇಬ್ರ, ಈಗ ಆದದ್ದನ್ನ ಬರಕೋರಿ. ಈಕಿ ನನ್ನ ಕರದ್ಲು, ನಿಮಗ ನೀರಡಿಕಿ ಅಂತ ಕೇಳಿಸ್ತು. ನೀವು ಓದಿದವರು, ನಿಮ್ಮ ಮಾತೂ ಕನ್ನಡ, ನಮ್ಮ ಮಾತೂ ಕನ್ನಡ. ಆದ್ರೂ ನಿಮ್ಮ ಮನಿ ಅರ್ಥ ನಿಮಗ ಮೊದಲ ಬಂತು. ಅದು ನಿಮ್ಮ ತಪ್ಪಲ್ಲ. ಹಂಗಾರ ಈ ಅಡಿಗಿ ಮಾಡಾಕಿದು ಹೆಂಗ ತಪ್ಪಾತು?"

ಕಾರ್ಯದರ್ಶಿ ಸಿಡುಕಿದರು. "ಕನ್ನಡದ ಕಾಗದಕ್ಕ ಕನ್ನಡದ ಅರ್ಥ. ಅವರ ಮನ್ಯಾಗ ಏನಂತಾರ ಅನ್ನೂದು ನಮಗ್ಯಾಕ?"

"ರಾಜಿನೂ ಅವರ ಮನಿದು, ನಾಮಾನೂ ಅವರ ಮನಿದ್ರಿ" ಎಂದರು ಬಾಯಾರು. "ಅವರ ಶಬ್ದ ತಂದು, ಅದಕ್ಕ ನಮ್ಮ ಅರ್ಥ ಹಚ್ಚಿ, ತಿರುಗಿ ಅವರ ಕುತ್ತಿಗಿಗೆ ಕಟ್ಟಿದ್ರ ನಡಿಯೂದಿಲ್ಲ. ನಿಮಗ ಎರಡೂ ಅರ್ಥ ಗೊತ್ತಿದ್ವು. ಆಕಿಗೆ ಒಂದ ಗೊತ್ತಿತ್ತು. ಅದಕ್ಕ ಆ ಶಬ್ದ ಆರಿಸಿದ್ರಿ."

ಅಧಿಕಾರಿ ಅಡುಗೆಯವಳನ್ನು ಕರೆದು, ಸ್ವಇಚ್ಛೆ ಎಂದರೇನು ಎಂದು ಕೇಳಿದರು. ಗೊತ್ತಿಲ್ಲ ಎಂದಳು. ಮತ್ತೆ ನನ್ನ ಕಡೆ ತಿರುಗಿದರು. ಈ ಸಲ ನಾನು ಪಕ್ಕಕ್ಕೆ ನೋಡಲಿಲ್ಲ. ಗುಮಾಸ್ತನ ಕಡೆ ಕೈ ತೋರಿಸಿ, ಇವರೇ ಬರೆಸಿದ್ದು, ಆಗ ಅಡುಗೆಯವಳು ಜೊತೆಯಲ್ಲಿರಲಿಲ್ಲ ಎಂದೆ.

ಆ ಕಾಗದ ನಡೆಯುವುದಿಲ್ಲ ಎಂದಾಯಿತು. ಅಡುಗೆಯವಳು ಮರುವಾರ ಅದೇ ಗೇಟಿನಿಂದ ಒಳಗೆ ಹೋದಳು. ನನ್ನ ಜೂನ್ ತಿಂಗಳ ಕೆಲಸ ಹೋಯಿತು. ಬಾಯಾರಿಗೆ ಅದಕ್ಕಿಂತ ಹೆಚ್ಚು ಹೋಯಿತು. ಆ ಶಾಲೆಯವರಷ್ಟೇ ಅಲ್ಲ, ಅವರ ನಂಟಿನ ಇನ್ನೂ ಹತ್ತು ಕಡೆಯವರು ಕೆಲಸ ಕೊಡುವುದನ್ನು ನಿಲ್ಲಿಸಿದರು. ಶೆಡ್ಡಿನ ಮಾಲೀಕ ಬಂದು, ಕಾರ್ಯದರ್ಶಿಗಳ ಕ್ಷಮೆ ಕೇಳಿಬಿಡಿ, ಇಲ್ಲವಾದರೆ ಜಾಗ ಬಿಡಿ ಎಂದ. ಬಾಯಾರು ಅವತ್ತೇ ಟೈಪ್‌ರೈಟರನ್ನು ಎದೆಗವಚಿಕೊಂಡು ರಸ್ತೆ ದಾಟಿದರು. ಎದುರಿಗೆ, ಕಾರ್ಯದರ್ಶಿಯ ಜೀಪು ದಿನಾ ಹಾಯುವ ಕಡೆಯೇ ಮೇಜು ಹಾಕಿ, ಮೇಲೊಂದು ತಾಡಪತ್ರಿ ಕಟ್ಟಿಸಿದರು. "ನೆರಳು ಕಡಿಮಿ ಆತು, ಬೆಳಕು ಹೆಚ್ಚಾತು" ಎಂದರು.

ಅಲ್ಲಿ ಹೊಸದೊಂದು ಪದ್ಧತಿ ಶುರುವಾಯಿತು. ಕಾಗದ ಟೈಪು ಮಾಡಿ ಓದಿ ಕೇಳಿಸಿದ ಮೇಲೆ ಸಹಿ ಮಾಡುವವರು ಅದರಲ್ಲಿ ಏನಿದೆ ಎಂಬುದನ್ನು ತಮ್ಮ ಮನೆಮಾತಿನಲ್ಲಿ ತಿರುಗಿ ಹೇಳಬೇಕು. ಹೇಳದಿದ್ದರೆ ಕಾಗದ ಕೈಗೆ ಸಿಗುತ್ತಿರಲಿಲ್ಲ. ಅವಸರದವರು ಬೈದುಕೊಂಡು ಕಂಪ್ಯೂಟರಿನ ಅಂಗಡಿಗೆ ಹೋದರು. ಬಾಯಾರು ಬದಲಾಗಲಿಲ್ಲ.

ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ಅಷ್ಟರಲ್ಲಿ ಸರಕಾರಿ ಕಚೇರಿ ಸೇರಿದ್ದ ನಾನು ಕೊನೆಯ ಸಲ ನೋಡಲು ದವಾಖಾನೆಗೆ ಹೋದಾಗ, ಜೋರಾಗಿ ಮಾತಾಡಬೇಡಿ ಎಂದ ನರ್ಸಿಗೆ ಅವರು ಇನ್ನೂ ಜೋರಾಗಿ ಏನೋ ಹೇಳುತ್ತಿದ್ದರು. ನನ್ನನ್ನು ಕಂಡು, "ಕಚೇರ್‍ಯಾಗ ಹೆಂಗದಿ? ಬಗ್ಗಿ ನಡಿಯಾಕತ್ತಿಯೋ ಹೆಂಗ?" ಎಂದರು. ಇಲ್ಲ ಎಂದೆ. "ಹಂಗಾರ ಹೋಗು, ಇಲ್ಲಿ ಕುಂತು ಏನ್ ಮಾಡ್ತಿ" ಎಂದರು.

ಅವರಲ್ಲಿ ಕಲಿತ ಟೈಪಿಂಗಿನಿಂದಲೇ ನನಗೆ ಆ ಸರಕಾರಿ ಕೆಲಸ ಸಿಕ್ಕಿದ್ದು. ಈಗ ಬಾಗಲಕೋಟೆಯ ಕಚೇರಿಯೊಂದರಲ್ಲಿ ಜನರ ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳುವ ಮೇಜು ನನ್ನದು. ಮೊನ್ನೆ ತಾಂಡಾದಿಂದ ಮೊಮ್ಮಗಳೊಂದಿಗೆ ಬಂದ ಮುದುಕಿಯೊಬ್ಬಳು ಶಾಯಿ ಹತ್ತಿದ ಹೆಬ್ಬೆರಳು ಮುಂದೆ ಚಾಚಿದಳು. ನಾನು ಕಾಗದವನ್ನು ಹಿಂದಕ್ಕೆಳೆದುಕೊಂಡು ಓದಿ ಕೇಳಿಸಿ, ಇದರಲ್ಲಿ ಏನು ಬರೆದಿದೆ ಎಂಬುದನ್ನು ಮೊದಲು ನಿಮ್ಮ ಲಂಬಾಣಿಯಲ್ಲಿ ಮೊಮ್ಮಗಳಿಗೆ ಹೇಳಿ ಎಂದೆ. ಪಕ್ಕದ ಮೇಜಿನವರು ಗಡಿಯಾರ ನೋಡಿದರು.

"ಮೇಡಂ, ಪಾಳಿ ಹಚ್ಚಿದ ಮಂದಿ ಗೇಟಿನ ತನಕ ನಿಂತಾರ್ರಿ."

"ನಿಂದ್ರಲಿ ಬಿಡ್ರಿ" ಎಂದೆ. ಮುದುಕಿ ಹೇಳತೊಡಗಿದಳು.