ಸರ್ಚ್‌ನಲ್ಲಿ ಮೊದಲು ಬರುವ ಸಂಕ

ಹಳ್ಳದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ಕಡೆ ಎಂದಷ್ಟೇ ಹೇಳುತ್ತೇನೆ. ಕಮೆಂಟಿನಲ್ಲಿ "ಲೊಕೇಶನ್ ಪ್ಲೀಸ್" ಎಂದು ಕೇಳಿದರೆ ಬ್ಲಾಕ್ ಮಾಡುತ್ತೇನೆ.

ನಾನು ಸಾಗರದಲ್ಲಿ ಕೂತು, ಊರು ತಿರುಗುವವರಿಗಾಗಿ ಬ್ಲಾಗ್ ಬರೆಯುವವಳು. ಮನೆಯ ಕರೆಂಟ್ ಬಿಲ್ಲು, ಮಗಳ ಹಾಸ್ಟೆಲ್ ಫೀಸು ಅದರ ಜಾಹೀರಾತಿನಿಂದಲೇ ಹೋಗುತ್ತದೆ. ನನ್ನ ನಿಯಮ ಹೆಚ್ಚಿಲ್ಲ. ಕಾಲಿಟ್ಟು ನೋಡದ ಜಾಗದ ಬಗ್ಗೆ ಬರೆಯುವುದಿಲ್ಲ. ಯಾರಾದರೂ ದುಡ್ಡು ಕೊಟ್ಟಿದ್ದರೆ ಇದು ಜಾಹೀರಾತು ಎಂದು ಮೇಲೆಯೇ ಹಾಕುತ್ತೇನೆ. ಸರ್ಚ್‌ನಲ್ಲಿ ಮೇಲೆ ಬರಲೆಂದು ಬೇರೆ ಸೈಟುಗಳಿಂದ ಲಿಂಕು ಕೊಳ್ಳುವುದಿಲ್ಲ, ಮಾರುವುದಿಲ್ಲ. ಆದರೂ ಆ ಹಳ್ಳದ ಜಲಪಾತವನ್ನು ಯಾರೇ ಹುಡುಕಿದರೂ ವರ್ಷಗಟ್ಟಲೆ ನನ್ನ ಲೇಖನವೇ ಮೊದಲು ಬರುತ್ತಿತ್ತು. ಅದರಲ್ಲಿ ದಾರಿ ಹೇಳುವ ಸಾಲು ಒಂದೇ: ಸಂಕ ದಾಟಿ ಎಡಕ್ಕೆ ತಿರುಗಿ.

ಸಂಕ ಎಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿ. ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಬಿದಿರಿನ ಗಳ. ದಿಮ್ಮಿ ಒಳಗೊಳಗೇ ಕೊಳೆತು ಕುಂಬಾಗಿದೆ ಎಂದು ಗೊತ್ತಾದ ದಿನ ಅಲ್ಲಿನವರು ಗಳವನ್ನು ಬಿಚ್ಚಿ ಮನೆಗೆ ತರುತ್ತಾರೆ. ದಿಮ್ಮಿಯನ್ನು ಮುಟ್ಟುವುದಿಲ್ಲ. ನಡೆದಾಡಿದ ಸಂಕಕ್ಕೆ ಕೊಡಲಿ ಹಾಕಬಾರದು, ದೊಡ್ಡ ನೀರು ಬಂದಾಗ ಹಳ್ಳವೇ ಒಯ್ಯಬೇಕು ಎಂಬುದು ಅವರ ರೂಢಿ. ಗಳವಿಲ್ಲದ ಸಂಕಕ್ಕೆ ಆ ಊರಿನ ಮಕ್ಕಳೂ ಕಾಲಿಡುವುದಿಲ್ಲ. ಹೊರಗಿನವರ ಕಣ್ಣಿಗೆ ಮಾತ್ರ ಅದು ಫೋಟೋಕ್ಕೆ ಹೇಳಿ ಮಾಡಿಸಿದ ಸೇತುವೆ.

ಈ ಮಳೆಗಾಲದ ಶುರುವಿಗೆ ದೊಡ್ಡಮ್ಮನ ಮಗಳು ಫೋನು ಮಾಡಿದಳು. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತೇನೆ. ಸಂಕದ ಈಚೆ ದಡದಲ್ಲೇ ಅವಳ ಮನೆ.

"ಎಂತ ಬರ್ದು ಇಟ್ಟಿದೀಯೇ ಮಾರಾಯ್ತಿ? ಗಳ ಬಿಚ್ಚಿ ಆಯ್ತು, ಆದ್ರೂ ಜನ ಹತ್ತಕ್ಕೆ ಹೋಗ್ತಾರೆ. ಕೂಗಿ ಕೂಗಿ ನನ್ನ ಗಂಟ್ಲು ಹೋತು."

"ಅಡ್ಡಕ್ಕೆ ಮುಳ್ಳು ಹಾಕ್ಸೇ ಅಕ್ಕ."

"ಹಾಕಿದ್ವಲ್ಲ. ಅದನ್ನ ಬದಿಗೆ ಸರ್ಸಿ ಫೋಟೋ ತೆಗ್ಸ್ಕಂಡ್ರು. ನೋಡು, ಯಾರಾದ್ರೂ ಬಿದ್ರೆ ಹಳ್ಳಕ್ಕೆ ಇಳಿಯೋರು ನಿಮ್ಮ ಭಾವ. ನಿನ್ನ ಬ್ಲಾಗು ಇಳಿಯಲ್ಲ."

ಅಂದೇ ಲೇಖನದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿದೆ: ಸಂಕ ಕುಂಬಾಗಿದೆ, ದಯವಿಟ್ಟು ಬರಬೇಡಿ. ದಾರಿಯ ಸಾಲನ್ನು ಅಳಿಸಿದೆ. ಜನ ಪುಟ ತೆರೆದು, ಆ ಸಾಲು ಓದಿ, ಹಾಗೇ ಮುಚ್ಚತೊಡಗಿದರು. ಅದೇ ಪುಟದಲ್ಲಿ ಹತ್ತಿರದ ಹೋಂಸ್ಟೇಯೊಂದರ ಜಾಹೀರಾತಿತ್ತು. ಅದರ ಯಜಮಾನರು ಫೋನು ಮಾಡಿದರು. ಮಾತು ಬೆಣ್ಣೆ.

"ಮೇಡಂ, ಎಚ್ಚರಿಕೆ ಬೇಡ ಅಂತಿಲ್ಲ ನಾನು. ಸ್ವಲ್ಪ ಕೆಳಗೆ ಹಾಕಿ. ಕಮೆಂಟ್ ಹತ್ರ."

"ಅಲ್ಲಿವರೆಗೆ ಯಾರು ಓದ್ತಾರೆ?"

"ಅದಕ್ಕೇ ಹೇಳಿದ್ದು," ಎಂದು ನಕ್ಕರು.

ಜಾಹೀರಾತು ತೆಗೆಯುತ್ತೇನೆ, ದುಡ್ಡು ವಾಪಸು ಹಾಕುತ್ತೇನೆ ಎಂದೆ.

"ಹಾಕಿ ಮೇಡಂ. ಬರೆಯೋರು ನೀವೊಬ್ರೇನಾ? ಈಗ ಬರೆಯಕ್ಕೆ ಮನುಷ್ಯರೇ ಬೇಕಾಗಿಲ್ಲ."

ಕೆಲವೇ ದಿನಗಳಲ್ಲಿ ಸರ್ಚ್‌ನಲ್ಲಿ ಹೊಸದೊಂದು ಪುಟ ನನ್ನ ಲೇಖನದ ಮೇಲೆ ಬಂದು ಕೂತಿತು. ಫೋಟೋಗಳು ನನ್ನವೇ, ಮೂಲೆಯಲ್ಲಿ ನನ್ನ ಕೊಡೆಯ ಅಂಚೂ ಕಾಣುತ್ತದೆ. ಸಂಕ ದಾಟಿ ಎಡಕ್ಕೆ ಎಂಬ ಸಾಲೂ ನನ್ನದೇ. "ವರ್ಷವಿಡೀ ಹೋಗಬಹುದು, ಕುಟುಂಬಕ್ಕೆ ಸೂಕ್ತ" ಎಂಬುದು ಮಾತ್ರ ಅವರ ಸ್ವಂತದ್ದು. ಯಾರು ಹಾಕಿಸಿದರು ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ. ಪುಟಕ್ಕೆ ಹೆಸರಿಲ್ಲ, ವಿಳಾಸವಿಲ್ಲ. ನಕಲು ಎಂದು ದೂರು ಕೊಟ್ಟೆ. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು, ಆಮೇಲೆ ಸುದ್ದಿಯಿಲ್ಲ. ನನ್ನದನ್ನು ತೆಗೆದುಹಾಕೋಣವೆಂದರೆ, ಆಮೇಲೆ ಅದೊಂದೇ ಉಳಿಯುತ್ತದೆ.

ತೀರ್ಥಹಳ್ಳಿಯಲ್ಲಿ ನನ್ನ ಹಾಗೇ ಬ್ಲಾಗ್ ನಡೆಸುವ ಗೆಳತಿಯೊಬ್ಬಳಿದ್ದಾಳೆ. "ಲಿಂಕ್ ತಗೊಳ್ಳೇ, ಬೇಗ ಮೇಲೆ ಬರ್ತೀಯ. ಸಿಕ್ಕಿಬಿದ್ರೆ ಮಾತ್ರ ನಿನ್ನ ಪುಟಾನೇ ಕಾಣಲ್ಲ, ಅದನ್ನೂ ಹೇಳ್ಬಿಡ್ತೀನಿ," ಎಂದಳು. ಮನಸ್ಸು ಹೋಗಲಿಲ್ಲ ಎಂದರೆ ಸುಳ್ಳು. ಆದರೆ ಪುಟವೇ ಕಾಣದಿದ್ದರೆ ಎಚ್ಚರಿಕೆ ಎಲ್ಲಿ ಕಾಣುತ್ತದೆ? ಸುಮ್ಮನಾದೆ.

ಭಾನುವಾರ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಹಳ್ಳದ ನೀರು ಕೆಂಪಾಗಿತ್ತು. ಭಾವ ದಡದಲ್ಲಿ ಕತ್ತಿ ಹಿಡಿದು ಮತ್ತೆ ಮುಳ್ಳು ಕೂರಿಸುತ್ತಿದ್ದರು.

"ಬಂದ್ಯಾ? ನಿನ್ನ ಓದುಗ್ರಿಗೆಲ್ಲ ಇಲ್ಲೇ ಕಾಫಿ ಮಾಡಿ ಕೊಡನ ಅಂತಿದೀವಿ," ಎಂದರು. ನಗಲಿಲ್ಲ.

ಅಷ್ಟರಲ್ಲಿ ಗಂಡ, ಹೆಂಡತಿ, ಅವನ ಹೆಗಲ ಮೇಲೊಂದು ಪುಟ್ಟ ಹುಡುಗಿ, ಮೂವರು ಇಳಿದು ಬಂದರು. ಗಂಡನ ಕೈಯಲ್ಲಿ ಫೋನು.

"ದಾಟ್ಬೇಡಿ, ದಿಮ್ಮಿ ಕುಂಬಾಗಿದೆ," ಎಂದೆ.

"ಇಲ್ಲಿ ದಾಟ್ಬೇಕು ಅಂತಿದೆ ಮೇಡಂ."

"ಅದನ್ನ ಬರ್ದಿದ್ದು ನಾನೇ. ಈಗ ಅಳಿಸಿದೀನಿ. ನೋಡಿ ಇಲ್ಲಿ." ನನ್ನ ಪುಟವನ್ನು ತೆರೆದು ತೋರಿಸಿದೆ.

ಅವನು ಎರಡೂ ಪುಟಗಳನ್ನು ನೋಡಿದ. "ನಿಮ್ದು ಕೆಳಗಿದೆಯಲ್ಲ ಮೇಡಂ. ಮೊದಲು ಬರೋದ್ರಲ್ಲಿ ಹಂಗೇನೂ ಇಲ್ಲ." ಜಗಳಕ್ಕೆ ಹೇಳಿದ್ದಲ್ಲ. ಪಾಪ, ನನಗೇ ಅರ್ಥವಾಗಿಲ್ಲವೇನೋ ಎಂಬಂತೆ ಹೇಳಿದ. ಹೇಳುತ್ತಲೇ ಮುಳ್ಳನ್ನು ಕಾಲಿನಿಂದ ಸರಿಸಿದ.

ಭಾವ ಬಗ್ಗಿ, ಕತ್ತಿಯ ಮೊನೆಯನ್ನು ದಿಮ್ಮಿಗೆ ಒತ್ತಿದರು. ಹೊಡೆಯಲಿಲ್ಲ, ಬರೀ ಒತ್ತಿದರು. ಕತ್ತಿ ಹಿಡಿಯವರೆಗೂ ಸದ್ದಿಲ್ಲದೆ ಒಳಗೆ ಹೋಯಿತು.

ಹೆಂಡತಿ ಗಂಡನ ಹೆಗಲಿನಿಂದ ಮಗುವನ್ನು ಕಿತ್ತುಕೊಂಡಳು. ಅವರು ಮೇಲೆ ಹತ್ತಿ ಹೋದರು.

ಭಾವ ಮನೆಗೆ ಹೋಗಿ ಕೊಡಲಿ ತಂದರು. ಅಕ್ಕ ಹಿಂದೆಯೇ ಓಡಿ ಬಂದಳು.

"ಎಂತ ಮಾಡ್ತಿದೀರಿ? ಸಂಕಕ್ಕೆ ಕೊಡಲಿ ಹಾಕ್ತಾರಾ?"

"ಹಳ್ಳ ಒಯ್ಯೋ ತನಕ ಕಾದ್ರೆ, ದಿಮ್ಮಿ ಒಂದನ್ನೇ ಒಯ್ಯಲ್ಲ ಕಣೇ."

ಈಚೆ ತುದಿಯನ್ನು ಕಡಿಯಲು ಬಹಳ ಹೊತ್ತು ಬೇಕಾಗಲಿಲ್ಲ. ದಿಮ್ಮಿ ನೀರಿಗೆ ಬಿದ್ದು, ಒಮ್ಮೆ ಅಡ್ಡ ತಿರುಗಿ, ನಡುವೆ ಮುರಿದು ತೇಲಿಹೋಯಿತು. ಅಕ್ಕ ಆಚೆ ಮುಖ ಮಾಡಿ ಕೈಮುಗಿದಳು. ನನಗೆ ಉಸಿರು ಬಂದಂತಾಯಿತು. ನಾವು ಅಂಗಳಕ್ಕೆ ಬಂದು ಕೂತೆವು. ಸಂಕ ಈಗ ಇಲ್ಲ ಎಂದು ಲೇಖನಕ್ಕೆ ಇನ್ನೊಂದು ಸಾಲು ಸೇರಿಸಿದೆ.

ಮೇಲೆ ರಸ್ತೆಯಲ್ಲಿ ಕಾರು ನಿಂತ ಸದ್ದಾಯಿತು. ಬಾಗಿಲುಗಳು ಒಂದರ ಹಿಂದೆ ಒಂದು ಬಡಿದವು. ನಾವು ಏಳುವಷ್ಟರಲ್ಲಿ ನಾಲ್ಕೈದು ಯುವಕರು ಇಳಿದು ದಡಕ್ಕೆ ಹೋಗಿಯಾಗಿತ್ತು. ಅವರು ಒಮ್ಮೆ ಫೋನು ನೋಡಿದರು, ಒಮ್ಮೆ ಹಳ್ಳ ನೋಡಿದರು.

"ಸಂಕ ಎಲ್ಲೋ?" ಎಂದು ಒಬ್ಬ ಕೇಳಿದ.

"ಕೊಚ್ಕೊಂಡು ಹೋಗಿರ್ಬೇಕು. ಜಾಗ ಇದೇ, ಎಡಕ್ಕೆ ದಾರಿ ಕಾಣ್ತಿದೆ ನೋಡು," ಎಂದ ಇನ್ನೊಬ್ಬ. ಅವನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಪ್ಯಾಂಟನ್ನು ಮಂಡಿಯವರೆಗೆ ಮಡಚುತ್ತಿದ್ದ.

ಅಕ್ಕ ಕೂಗಿದಳು. ಹಳ್ಳದ ಸದ್ದಿಗೆ ಅದು ಅವರಿಗೆ ಕೇಳಿಸಲಿಲ್ಲ. ಭಾವ ಕೊಡಲಿಯನ್ನು ಅಲ್ಲೇ ಬಿಸಾಕಿ ಓಡತೊಡಗಿದರು.