ಗೇರಿನ ಗುಂಡು, ಅಂಗೈಯ ಗುಳ್ಳೆ

ಸ್ವಾತಂತ್ರ್ಯ ಬಂದ ಮರುವರ್ಷ, ಮಿಲಿಟರಿ ಹರಾಜಿನ ಹಳೆಯ ಜೀಪೊಂದನ್ನು ಮುಂಡರಗಿಯಿಂದ ಗದಗಿಗೆ ಬಾಡಿಗೆಗೆ ಓಡಿಸುತ್ತಿದ್ದೆ. ಅದರ ಸ್ಟೇರಿಂಗ್ ಎಡಕ್ಕೆ, ಗೇರು ಬಲಗೈಗೆ. ಗೇರಿನ ಸರಳಿನ ತುದಿಯ ಗುಂಡು ಒಡೆದು, ಬರೀ ಸರಳು ಹಿಡಿದು ಅಂಗೈಯೆಲ್ಲ ಗುಳ್ಳೆಯೆದ್ದಿತ್ತು. ಇನ್ನು ಓಡಿಸಲಾರೆ ಎನಿಸಿ ಬೆಟಗೇರಿಯ ಹಳೇ ಸಾಮಾನಿನ ಅಂಗಡಿಗೆ ಹೋದೆ. ಹಿತ್ತಾಳೆಯದು ಬಿಸಿಲಿಗೆ ಸುಡುತ್ತದೆಂದು ಮರದ ಗುಂಡು ಆರಿಸಿ, ದರ ಕೇಳಿ, "ಬೇಕಂತೇನಿಲ್ರಿ, ಸುಮ್ನ ಕೇಳಿದೆ" ಎಂದೆ.

ಮುದುಕ ಅಂಗಡಿಕಾರ ದನದ ಸಂತೆಯವರಂತೆ ಟವೆಲಿನಡಿ ನನ್ನ ಕೈಹಿಡಿದು, ಬೆರಳಲ್ಲೇ ದರ ಹೇಳಹೊರಟವನು ನಕ್ಕ.

"ಬಾಯಿ ಬ್ಯಾಡಂತೈತಿ, ಅಂಗೈ ಬೇಕ ಬೇಕಂತೈತಲ್ಲೋ ತಮ್ಮಾ!"

ಅಂದಿನಿಂದ ನಾನು ಎಲ್ಲರಿಗೂ ಹೇಳುವುದಿಷ್ಟೆ: ಜರೂರಿದ್ದ ಸಾಮಾನಿಗೆ ನೀವೇ ಹೋಗಬೇಡಿ, ಗೆಳೆಯನನ್ನು ಕಳಿಸಿ. ನನಗಂದು ಗೆಳೆಯನನ್ನು ಹುಡುಕುವ ತ್ರಾಣವೂ ಇರಲಿಲ್ಲ. ಮುದುಕ ಹೇಳಿದಷ್ಟನ್ನೂ ಕೊಟ್ಟು, ಗುಂಡು ಕೂರಿಸಿ, ಮುಂಡರಗಿಗೆ ಹೊರಟೆ.