ರೋಗಿಗೆ ತಿಳಿಸಲಾಗಿದೆಯೇ?

ಹಲಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸಾಗಿ ಸೇರಿದ್ದು ತೊಂಬತ್ತರ ದಶಕದ ನಡುವೆ. ಆಗ ನಮ್ಮ ಕೆಲಸದಲ್ಲಿ ಅರ್ಧ ಪಾಲು ಶುಶ್ರೂಷೆ, ಇನ್ನರ್ಧ ಡಾಕ್ಟರ ಕೈಬರಹ ಓದುವುದು. ನಮ್ಮ ವಾರ್ಡಿನ ಹಿರಿಯ ಡಾಕ್ಟರು ತಾವೇ ಬರೆದದ್ದನ್ನು ಮರುದಿನ ಓದಲಾಗದೆ ನನ್ನನ್ನು ಕೇಳುತ್ತಿದ್ದರು. ಹೇಳುವುದು ತಡವಾದರೆ ಸಿಡುಕು ಬೇರೆ. ಹೀಗಾಗಿ ಎರಡು ಸಾವಿರ ಇಸವಿ ದಾಟಿದ ಮೇಲೆ ಫೈಲುಗಳು ಹೋಗಿ ಕಂಪ್ಯೂಟರ್ ಬಂದಾಗ ನನಗಂತೂ ಒಳಗೊಳಗೇ ಖುಷಿಯಾಯಿತು. ಔಷಧದ ಹೆಸರು ಅಚ್ಚಿನ ಅಕ್ಷರದಲ್ಲಿ ಕಾಣುತ್ತದೆ, ಇನ್ನು ಯಾರ ಸಿಡುಕೂ ಕೇಳಬೇಕಿಲ್ಲ ಅಂದುಕೊಂಡೆ.

ಖುಷಿ ಬಹಳ ದಿನ ಉಳಿಯಲಿಲ್ಲ. ಬಿ.ಪಿ. ನೋಡಿ ಫಟ್ಟನೆ ಬರೆದಿಡುತ್ತಿದ್ದವರು ಈಗ ಪಾಸ್‌ವರ್ಡ್ ಹಾಕಬೇಕು, ರೋಗಿಯ ಹೆಸರು ಹುಡುಕಬೇಕು, ಪುಟ ತೆರೆಯುವ ತನಕ ಕಾಯಬೇಕು. ಅಷ್ಟರಲ್ಲಿ ಕರೆಂಟ್ ಹೋಗಿ ಯುಪಿಎಸ್ ಕಿರುಚಿಕೊಳ್ಳುತ್ತಿತ್ತು. ಜೊತೆಯ ನರ್ಸುಗಳು ತಮಿಳಿನಲ್ಲಿ, ಮಲಯಾಳದಲ್ಲಿ ಅದನ್ನು ಬೈದರು, ನಾನು ಕನ್ನಡದಲ್ಲಿ ಬೈದೆ. ಕೊನೆಗೆ ಅಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡು ಪುರುಸೊತ್ತಾದಾಗ ಕಂಪ್ಯೂಟರಿಗೆ ತುಂಬುವುದು ಎಲ್ಲರಿಗೂ ರೂಢಿಯಾಯಿತು. ಇಷ್ಟು ವರ್ಷ ರೋಗಿಯ ಮುಖ ನೋಡಿದವನು ಈಗ ಈ ಡಬ್ಬದ ಮುಖ ನೋಡಬೇಕಾ ಎಂದು ಗೊಣಗುತ್ತಲೇ ಹಿರಿಯ ಡಾಕ್ಟರು ಎರಡು ಬೆರಳಲ್ಲಿ ಕೀಲಿಗಳನ್ನು ಕುಟ್ಟುತ್ತಿದ್ದರು.

ಅವರ ನಿಜವಾದ ಸಂಕಟ ಬೇರೆಯೇ ಇತ್ತು. ಕ್ಯಾನ್ಸರ್ ಎಂಬ ಪದವನ್ನು ಅವರು ಯಾವ ಫೈಲಿನಲ್ಲೂ ಬರೆದವರಲ್ಲ. 'ಮೈಟಾಟಿಕ್' ಎಂದು ಗೀಚುತ್ತಿದ್ದರು, ನಮಗೆ ಅರ್ಥವಾಗುತ್ತಿತ್ತು. ಮನೆಯವರನ್ನು ಪಕ್ಕಕ್ಕೆ ಕರೆದು ವಿಷಯ ಹೇಳುತ್ತಿದ್ದರು. ರೋಗಿಗೆ ಮಾತ್ರ ಹುಣ್ಣು, ಗಡ್ಡೆ, ಏನೋ ಒಂದು. ಶಿವಾಜಿನಗರದ ಬಟ್ಟೆ ವ್ಯಾಪಾರಿಗಳ ಮನೆಯಿರಲಿ, ಕೆ.ಆರ್. ಪುರದ ಕಾರ್ಖಾನೆ ನೌಕರರ ಮನೆಯಿರಲಿ, ಎಲ್ಲರೂ ಬೇಡಿಕೊಳ್ಳುತ್ತಿದ್ದದ್ದು ಒಂದೇ, ಅವರಿಗೆ ಹೇಳಬೇಡಿ ಅಂತ. ಕಂಪ್ಯೂಟರ್ ಹಾಗೆಲ್ಲ ಬಿಡುವ ಪೈಕಿ ಅಲ್ಲ. ಅಲ್ಲಿ ಕಾಯಿಲೆಯ ಪೂರ್ತಿ ಹೆಸರನ್ನೇ ಆರಿಸಬೇಕು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬರುತ್ತಿತ್ತು: ಕಾಯಿಲೆ ಏನೆಂದು ರೋಗಿಗೆ ತಿಳಿಸಲಾಗಿದೆಯೇ? ಯೆಸ್ ಅಥವಾ ನೋ. ಯೆಸ್ ಎಂದರೆ ಚಿಕಿತ್ಸೆಗೆ ರೋಗಿಯೇ ಸಹಿ ಹಾಕಬೇಕು, ನೋ ಎಂದರೆ ಮನೆಯವರು ಹಾಕಿದರೆ ಸಾಕು ಎಂದು ಅದರ ಕೆಳಗೇ ಬರೆದಿರುತ್ತಿತ್ತು. ಉತ್ತರ ಕೊಡದೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಡಾಕ್ಟರು ಕಣ್ಣು ಮುಚ್ಚಿಕೊಂಡು ಎಲ್ಲರಿಗೂ ನೋ ಒತ್ತುತ್ತಿದ್ದರು.

ಆ ದಿನಗಳಲ್ಲಿ ಒಬ್ಬ ಹೆಂಗಸು ನಮ್ಮ ವಾರ್ಡಿಗೆ ಬಂದರು. ವಿಮೆ ಆಫೀಸಿನಲ್ಲಿ ದುಡಿದು ನಿವೃತ್ತರಾದವರು, ಇಂದಿರಾನಗರದ ಕಡೆ ಮನೆ, ಒಬ್ಬನೇ ಮಗ. ಹೊಟ್ಟೆಯ ಕ್ಯಾನ್ಸರ್, ಆಗಲೇ ಹರಡಿತ್ತು. ಮಗ ಕಾರಿಡಾರಿನಲ್ಲಿ ಡಾಕ್ಟರ ಕೈ ಹಿಡಿದುಕೊಂಡು, ಅಮ್ಮನಿಗೆ ಅಲ್ಸರ್ ಎಂದೇ ಹೇಳಿ, ನಿಜ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ ಎಂದ. ಡಾಕ್ಟರು ನೋ ಒತ್ತಿದರು, ಮಗ ಸಹಿ ಹಾಕಿದ, ಕೀಮೋ ಶುರುವಾಯಿತು. ಆಕೆಯ ಪಾಲಿಗೆ ಅದು ಹುಣ್ಣು ಒಣಗಿಸುವ ಸ್ಟ್ರಾಂಗ್ ಇಂಜೆಕ್ಷನ್.

ಸ್ಟ್ರಾಂಗ್ ಅಂದರೆ ಸ್ಟ್ರಾಂಗೇ. ಕೂದಲು ಉದುರಿತು, ಬಾಯೆಲ್ಲ ಹುಣ್ಣಾಯಿತು, ಕುಡಿದ ಗಂಜಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಎದ್ದು ಕೂರಲೂ ತ್ರಾಣವಿರಲಿಲ್ಲ. ಈ ಇಂಜೆಕ್ಷನ್ ಸಾಕು, ಮನೆಗೆ ಕಳಿಸಿ ಎಂದು ಅವರು ಮಗನ ಹತ್ತಿರ, ಡಾಕ್ಟರ ಹತ್ತಿರ, ನೆಲ ಒರೆಸಲು ಬಂದವಳ ಹತ್ತಿರವೂ ಹೇಳಿದರು. ಬರೀ ಅಲ್ಸರಿಗೆ ಯಾರಾದರೂ ಔಷಧ ಅರ್ಧಕ್ಕೆ ಬಿಡುತ್ತಾರಾ ಎಂದು ಎಲ್ಲರೂ ಗದರಿದರು. ಕಾಯಿಲೆಯನ್ನೇ ಮುಚ್ಚಿಟ್ಟಮೇಲೆ ಆಕೆಯ 'ಬೇಡ'ಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೆಯ ಸುತ್ತಿನ ಹೊತ್ತಿಗೆ ವಾರ್ಡಿಗೆ ಚಕ್ರದ ಟ್ರಾಲಿ ಬಂತು. ಕಂಪ್ಯೂಟರನ್ನು ಹಾಸಿಗೆಯ ಹತ್ತಿರವೇ ತಳ್ಳಿಕೊಂಡು ಹೋಗಿ, ಅಲ್ಲಿಯೇ ಬರೆದು, ಅಲ್ಲಿಯೇ ಔಷಧ ಕೊಡಬೇಕೆಂದು ಮೇಲಿನವರ ಅಪ್ಪಣೆ. ಪ್ಲಗ್ ಇದ್ದದ್ದು ತಲೆದಿಂಬಿನ ಪಕ್ಕದ ಗೋಡೆಯಲ್ಲಿ, ವೈರು ಗಿಡ್ಡ. ಟ್ರಾಲಿಯನ್ನು ಹೇಗೆ ತಿರುಗಿಸಿದರೂ ಪರದೆ ರೋಗಿಯ ಕಡೆಗೇ ನಿಲ್ಲುತ್ತಿತ್ತು. ನಮ್ಮಲ್ಲಿ ಒಬ್ಬರಿಗೂ ಅದು ತೊಂದರೆ ಅನ್ನಿಸಲಿಲ್ಲ. ವರ್ಷಗಟ್ಟಲೆ ಫೈಲುಗಳನ್ನು ಮಂಚದ ಕಾಲಬುಡದಲ್ಲೇ ನೇತುಹಾಕಿದವರು ನಾವು. ಬರೆದದ್ದನ್ನು ರೋಗಿ ಓದಬಹುದು ಎಂಬ ಯೋಚನೆಯೇ ನಮಗೆ ಇರಲಿಲ್ಲ.

ಬೆಳಗ್ಗೆ ಔಷಧ ಹಾಕುವ ಮೊದಲು ಆಕೆಯ ಪುಟ ತೆರೆದೆ. ಅಷ್ಟರಲ್ಲಿ ಪಕ್ಕದ ಹಾಸಿಗೆಯವರು ಡ್ರಿಪ್ ನಿಂತಿದೆ ಎಂದು ಕರೆದರು, ಹೋಗಿ ಸರಿಮಾಡಿ ಬಂದೆ. ಬರುವಷ್ಟರಲ್ಲಿ ಆಕೆ ಕನ್ನಡಕ ಹಾಕಿಕೊಂಡು ಪರದೆ ನೋಡುತ್ತಿದ್ದರು. 

"ಅಲ್ಲಿ ನೋ ಅಂತಿದೆಯಲ್ಲ ಸಿಸ್ಟರ್, ಅದನ್ನ ಯೆಸ್ ಮಾಡ್ಬಿಡಿ" ಎಂದರು. "ಆಮೇಲೆ ಸಹಿ ನಾನೇ ಹಾಕ್ಬೇಕು ತಾನೆ? ನಾನು ಹಾಕಲ್ಲ."

ಆ ಉತ್ತರ ಬದಲಾಯಿಸಲು ಡಾಕ್ಟರ ಪಾಸ್‌ವರ್ಡೇ ಬೇಕು. ಔಷಧವನ್ನು ಹಾಗೇ ಇಟ್ಟು ಅವರ ಕೋಣೆಗೆ ಓಡಿದೆ. ಅವರು ಮೊದಲು ಟ್ರಾಲಿಯನ್ನು ಬೈದರು, ಆಮೇಲೆ ವೈರನ್ನು, ಆಮೇಲೆ ನನ್ನನ್ನು. ಕೈಯಲ್ಲಿ ಬರೆಯುತ್ತಿದ್ದಾಗ ಇಂಥ ತಾಪತ್ರಯ ಇತ್ತೇ ಎಂದರು. ಎಲ್ಲ ಆದಮೇಲೆ, ಮಗನನ್ನು ಒಂದು ಮಾತು ಕೇಳಿ ನೋಡೋಣ ಎಂದರು. ನನಗೆ ರೇಗಿಹೋಯಿತು.

"ಓದಿದ್ದು ಮಗ ಅಲ್ಲ ಸರ್, ಅವ್ರು" ಎಂದೆ. "ಇನ್ನೂ ನೋ ಅಂತ ಒತ್ತಿದ್ರೆ, ಆ ಇಂಜೆಕ್ಷನ್ ನೀವೇ ಬಂದು ಹಾಕಿ. ನಾನಂತೂ ಹಾಕಲ್ಲ."

ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದರು. ಟ್ರಾಲಿಯನ್ನು ಪಕ್ಕಕ್ಕೆ ಸರಿಸಿ, ಸ್ಟೂಲ್ ಎಳೆದುಕೊಂಡು, ಆಕೆಯ ನಾಡಿ ಹಿಡಿದು, ಕ್ಯಾನ್ಸರ್ ಎಂದರು. ಆ ಪದವನ್ನು ಅವರು ರೋಗಿಯ ಮುಂದೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಂಜೆಕ್ಷನ್ ತೆಗೆದುಕೊಂಡರೆ ವಾಸಿಯಾಗುತ್ತದಾ ಎಂದು ಆಕೆ ಕೇಳಿದರು. ಇಲ್ಲ, ಕೆಲವು ತಿಂಗಳು ಹೆಚ್ಚು ಸಿಗಬಹುದು ಎಂದರು. ಹಾಗಾದರೆ ಬೇಡ ಎಂದರು ಆಕೆ. ಡಾಕ್ಟರು ಒಂದೇ ಬೆರಳಲ್ಲಿ ಪಾಸ್‌ವರ್ಡ್ ಕುಟ್ಟಿ ಯೆಸ್ ಒತ್ತಿದರು, ನನ್ನ ಕಡೆ ನೋಡದೆ ಹೊರಟುಹೋದರು. ಅವರ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಸಂಜೆ ಮಗ ಎಳನೀರು ಹಿಡಿದುಕೊಂಡು ಬಂದ. ನಡೆದದ್ದನ್ನು ತಾನೇ ಹೇಳುತ್ತೇನೆ ಎಂದು ಆಕೆ ನಮ್ಮೆಲ್ಲರ ಬಾಯಿ ಕಟ್ಟಿದ್ದರು. ಅವನು ಎಂದಿನಂತೆ ಶುರುಮಾಡಿದ. ಹುಣ್ಣು ಮುಕ್ಕಾಲು ಒಣಗಿದೆಯಂತೆ, ಇನ್ನು ಸ್ವಲ್ಪವೇ ದಿನವಂತೆ, ಡಾಕ್ಟರು ಬಹಳ ಖುಷಿಯಲ್ಲಿದ್ದಾರಂತೆ. ಗಡ್ಡ ಬೆಳೆದಿತ್ತು, ಅಂಗಿ ಮೈಮೇಲೆ ಜೋತುಬಿದ್ದಿತ್ತು. ಆಕೆ ಅಷ್ಟನ್ನೂ ಕೇಳಿಸಿಕೊಂಡರು, ಒಮ್ಮೆಯೂ ತಡೆಯಲಿಲ್ಲ. ಆಮೇಲೆ ಅವನ ಕೆನ್ನೆ ಸವರಿದರು.

"ಸಾಕು ಬಿಡಪ್ಪ" ಎಂದರು. "ಸುಳ್ಳು ಹೇಳಿ ಹೇಳಿ ಎಷ್ಟು ಸೊರಗಿ ಹೋಗಿದ್ದೀಯ ನೋಡು. ನಡಿ, ಮನೆಗೆ ಹೋಗೋಣ."